ಎಡಗಡೆಯ ಪಿಟೀಲು

ಮಾರ್ಚ್ ೩, ಸೋಮವಾರ

ಹಳೆಯ ಪ್ಲೇಯರ್ ಇವತ್ತು ಕೈಕೊಟ್ಟಿತು. ಹದಿನೇಳು ವರ್ಷ ದುಡಿದದ್ದು. ತಟ್ಟೆ ಹೊರಗೆ ಚಾಚಿತು, ಡಿಸ್ಕನ್ನು ಒಳಗೆ ಎಳೆದುಕೊಂಡಿತು, ಎರಡು ಸಲ ಕೆಮ್ಮಿತು, ಆಮೇಲೆ ಡಿಸ್ಕ್ ಇಲ್ಲ ಎಂದು ಬರೆದು ಸುಮ್ಮನಾಯಿತು. ಹೊಟ್ಟೆಯೊಳಗೆ ಇಟ್ಟುಕೊಂಡೇ ಇಲ್ಲ ಅನ್ನುವುದು! ನಮ್ಮ ಅತ್ತೆಯೂ ಹೀಗೇ. ಶ್ರವಣಯಂತ್ರ ಕಿವಿಯಲ್ಲೇ ಇರುತ್ತದೆ, ಮನೆಯವರೆಲ್ಲ ಮಂಚದಡಿ ಹುಡುಕುತ್ತಿರುತ್ತೇವೆ.

ಇವರು ಡ್ಯೂಟಿ ಮುಗಿಸಿ ಬಂದವರು, "ಬೇರೆ ತಗೊಂಡ್ರೆ ಆಯ್ತಪ್ಪ, ಅದಕ್ಕೆ ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?" ಅಂದರು. ದಿನವಿಡೀ ಇಂಜಿನ್ ಪಕ್ಕ ಕೂತು ಬಸ್ ಓಡಿಸುವ ಮನುಷ್ಯ. ನೂರಾ ಒಂದನೇ ಸಲ ಹೇಳಿದೆ: ನನ್ನ ಹತ್ತಿರ ಇರುವವು ಮಾಮೂಲಿ ಸಿ.ಡಿ.ಗಳಲ್ಲ, ಅವುಗಳ ಒಳಪದರದಲ್ಲಿ ಹಲವು ಪಟ್ಟು ಹೆಚ್ಚು ವಿವರವಿದೆ, ಅದನ್ನು ಓದುವ ಯಂತ್ರವೇ ಬೇರೆ, ಅಂಥ ಯಂತ್ರ ಮಾಡುವುದನ್ನು ಕಂಪನಿಗಳು ಒಂದೊಂದಾಗಿ ಬಿಡುತ್ತಿವೆ. "ಓಹೋ," ಅಂದು ಸ್ನಾನಕ್ಕೆ ಹೋದರು.

ಅವರಿಗೆ ಹೇಗೆ ಅರ್ಥವಾಗಬೇಕು. ನೀರು ಸರಬರಾಜು ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ನೆಲದಡಿಯ ಪೈಪಿನ ಸೋರಿಕೆ ಕೇಳುವವಳು ನಾನು. ಉಕ್ಕಿನ ಕೋಲನ್ನು ವಾಲ್ವಿನ ಮೇಲಿಟ್ಟು, ಅದರ ತುದಿಯ ಬಟ್ಟಲಿಗೆ ಕಿವಿ ಕೊಟ್ಟು, ಇಲ್ಲಿ ಅಗೆಯಿರಿ ಅನ್ನುತ್ತೇನೆ, ಅಗೆದರೆ ನೀರು. ಅನ್ನ ಕೊಡುವುದೂ ಈ ಕಿವಿ, ಸಂಜೆ ನನ್ನನ್ನು ಮನುಷ್ಯಳನ್ನಾಗಿ ಮಾಡುವುದೂ ಈ ಕಿವಿ. ಅಗ್ಗದ ಪ್ಲೇಯರಿನ ಮುಂದೆ ಕೂರಿಸಿ ಇದಕ್ಕೆ ಅವಮಾನ ಮಾಡಲಾರೆ.

ಮಾರ್ಚ್ ೫, ಬುಧವಾರ

ಅಂಗಡಿಯಾತನ ಬಳಿ ಎರಡೇ ಉಳಿದಿವೆ. ಒಂದು, ಹಾಡಿನ ಡಿಸ್ಕ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಎತ್ತಲು ಇಬ್ಬರು ಬೇಕು. ಅದಕ್ಕೆ ದಪ್ಪಣ್ಣ ಎಂದು ಹೆಸರಿಟ್ಟೆ. ಇನ್ನೊಂದು ಸಿನಿಮಾ ಡಿಸ್ಕು, ಹಾಡಿನ ಡಿಸ್ಕು, ಪೆನ್‌ಡ್ರೈವಿನಲ್ಲಿ ತುಂಬಿದ ಹಾಡು, ಏನು ಕೊಟ್ಟರೂ ತಿನ್ನುತ್ತದೆ. ಅದು ಸರ್ವಭಕ್ಷಕ. "ಎರಡನ್ನೂ ಮನೇಲಿ ಕೇಳಿ ನೋಡಿ ಮೇಡಂ. ತಿಂಗಳ ಕೊನೆಗೆ ಒಂದು ಹೇಳಿಬಿಡಿ, ಉಳಿದದ್ದಕ್ಕೆ ಇನ್ನೊಬ್ಬರು ಕಾಯ್ತಿದಾರೆ," ಅಂದ. ಈ ಮಾತು ಹೇಳದಿದ್ದರೆ ಚೆನ್ನಾಗಿತ್ತು. ತಪ್ಪು ಆರಿಸಿದರೆ? ಮತ್ತೆ ಇಂಥದ್ದು ಸಿಗದಿದ್ದರೆ?

ಮೊದಲು ದಪ್ಪಣ್ಣ ಮನೆಗೆ ಬಂದ. ನಾಲ್ವರು ಪಾಶ್ಚಾತ್ಯ ಸಂಗೀತ ನುಡಿಸುವ ನನ್ನ ಮೆಚ್ಚಿನ ಡಿಸ್ಕ್ ಹಾಕಿದೆ, ಎಡಗಡೆ ಮೊದಲ ಪಿಟೀಲು, ಬಲತುದಿಗೆ ದಪ್ಪ ದನಿಯ ದೊಡ್ಡ ಪಿಟೀಲು, ಚೆಲ್ಲೊ. ಪಿಟೀಲಿನವಳು ಬಿಲ್ಲು ಇಡುವ ಮೊದಲು ಉಸಿರೆಳೆದುಕೊಂಡದ್ದು ಕೇಳಿಸಿತು. ಹಳೆಯದರಲ್ಲಿ ಇಷ್ಟು ವರ್ಷ ಅದು ಗೊತ್ತೇ ಆಗಿರಲಿಲ್ಲ. ಖುಷಿಯಲ್ಲಿ ಅತ್ತೆಯ ಟಿ.ವಿ. ಗದ್ದಲವನ್ನೂ ಕ್ಷಮಿಸಿದೆ.

ಮಾರ್ಚ್ ೭, ಶುಕ್ರವಾರ

ನೆಗಡಿ ಇರಬೇಕು. ಏಳುವಾಗಲೇ ಎಡಕಿವಿಗೆ ಹತ್ತಿ ತುರುಕಿದ ಹಾಗಿತ್ತು. ಅದಿರಲಿ.

ದಪ್ಪಣ್ಣನ ಬಣ್ಣ ಬಯಲಾಯಿತು. ಎಡಗಡೆ ಸದ್ದು ಸೊರಗಿದೆ. ಮೊನ್ನೆ ಎದುರಿಗೆ ಕೂತು ನುಡಿಸಿದವಳು ಇವತ್ತು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಜೊತೆಗೆ ಒಂದು ಗುಂಯ್ ಸದ್ದು, ಅದೂ ಎಡಕ್ಕೇ. ಪ್ಲಗ್ ಕಿತ್ತರೂ ಹೋಗಲಿಲ್ಲ. ಆಚೆ ಬೀದಿಯ ಟ್ರಾನ್ಸ್‌ಫಾರ್ಮರ್ ಇರಬೇಕು. ಇವರನ್ನು ಕೇಳಿದರೆ "ನಂಗೇನೂ ಕೇಳಿಸ್ತಿಲ್ವಲ್ಲ" ಅಂದರು. ಇವರಿಗೆ ಏನು ತಾನೇ ಕೇಳಿಸೀತು.

ಮಾರ್ಚ್ ೮, ಶನಿವಾರ

ದೋಷ ಹುಡುಕುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಒಟ್ಟಿಗೆ ಬದಲಿಸಿದವರು ಕೆಟ್ಟರು. ಪ್ಲೇಯರಿನಿಂದ ಹೊರಡುವ ಎರಡು ತಂತಿಗಳನ್ನು ಅದಲುಬದಲು ಮಾಡಿದೆ. ತಪ್ಪು ದಪ್ಪಣ್ಣನದಾಗಿದ್ದರೆ ಸೊರಗು ಈಗ ಬಲಕ್ಕೆ ಹೋಗಬೇಕು.

ಪಿಟೀಲು ಬಲಕ್ಕೆ ಬಂತು, ಗಟ್ಟಿಯಾಗಿ, ಕಣ್ಣೆದುರಿಗೆ ನಿಂತ ಹಾಗೆ. ಎಡಕ್ಕೆ ಹೋದ ಚೆಲ್ಲೊ ಸೊರಗಿತು. ಅಂದರೆ ದಪ್ಪಣ್ಣ ನಿರಪರಾಧಿ.

ಅಥವಾ ತಂತಿ ಸರಿಯಾಗಿ ಸಿಕ್ಕಿಸಿಲ್ಲ. ಅವಸರದಲ್ಲಿದ್ದೆ. ಸೋಮವಾರ ಅದನ್ನು ಕೊಟ್ಟು ಸರ್ವಭಕ್ಷಕನನ್ನು ತರುತ್ತೇನೆ. ಅದೇ ಸುಲಭ.

ಮಾರ್ಚ್ ೧೦, ಸೋಮವಾರ

ಅಂಗಡಿಯಾತ ದಪ್ಪಣ್ಣನನ್ನು ಅಲ್ಲೇ ಜೋಡಿಸಿ ಕೇಳಿಸಿದ. "ನೋಡಿ ಮೇಡಂ, ಎರಡೂ ಕಡೆ ಒಂದೇ ಸಮ ಇದೆ." ನನಗೆ ಅಲ್ಲೂ ಎಡ ಸೊರಗಿಯೇ ಕೇಳಿತು. ಅವನ ಅಂಗಡಿಯಲ್ಲಿ ಎಡಕ್ಕೆ ಬಟ್ಟೆಯ ಪರದೆ, ಬಲಕ್ಕೆ ಗಾಜು, ಇನ್ನೇನಾಗುತ್ತದೆ? ಹಾಗೆಂದೆ. ಅವನು ಹೌದು ಹೌದು ಅಂದ. ಗಿರಾಕಿ ಮಾತಿಗೆ ಹೌದು ಅನ್ನುವುದು ಅವನ ಕಸುಬು.

ಮಾರಾಟದ ಮಾತಿಗೆ ಮತ್ತೇನೋ ಸೇರಿಸಿದ, ನಾನು ಅವನ ಬಲಕ್ಕೆ ನಿಂತಿದ್ದೆ, ಅಂಗಡಿಯಲ್ಲಿ ಗಲಾಟೆ, ಸರಿಯಾಗಿ ಕೇಳಲಿಲ್ಲ. ನಕ್ಕು ತಲೆಯಾಡಿಸಿ, ದಪ್ಪಣ್ಣನನ್ನು ಅಲ್ಲೇ ಬಿಟ್ಟು ಸರ್ವಭಕ್ಷಕನನ್ನು ತಂದೆ.

ಮಾರ್ಚ್ ೧೨, ಬುಧವಾರ

ಬೆಳಗಿನ ಐದಕ್ಕೆ ಛಾಪಖಾನೆ ಬೀದಿಯಲ್ಲಿ ಕೆಲಸ. ಹಾಲಿನ ಗಾಡಿಗಳು ಬರುವ ಮೊದಲು ಮುಗಿಸಿದರೆ ಬೀದಿ ಸದ್ದಿರುವುದಿಲ್ಲ. ಜೊತೆಗೆ ಎಂದಿನಂತೆ ಮಾವ. ನನಗೇನೂ ಸಂಬಂಧವಲ್ಲ, ಇಲಾಖೆಗೆಲ್ಲ ಅವನು ಮಾವ. ಹತ್ತೊಂಬತ್ತು ವರ್ಷದಿಂದ ನಾನು ಸುಣ್ಣದಲ್ಲಿ ಗುರುತು ಹಾಕಿದ ಕಡೆ ಅವನ ಗುದ್ದಲಿ ಬೀಳುತ್ತದೆ. ಬರುವ ವರ್ಷ ನಿವೃತ್ತಿ.

ಎರಡು ವಾಲ್ವುಗಳ ನಡುವೆ ಸೋರಿಕೆ. ಎರಡರ ಮೇಲೂ ಕೋಲಿಟ್ಟು ಕೇಳುವುದು, ಯಾವುದು ಜೋರೋ ಸೋರಿಕೆ ಅದರ ಹತ್ತಿರ. ಇಷ್ಟೇ ವಿದ್ಯೆ. ಮೇಲಿನ ವಾಲ್ವಿಗೆ ಯಾವಾಗಲಿನಂತೆ ಬಲಕಿವಿ ಕೊಟ್ಟೆ. ಕೆಳಗಿನದರ ಬಳಿ ಯಾರೋ ಲಾರಿ ನಿಲ್ಲಿಸಿ ಹೋಗಿದ್ದರು. ಲಾರಿಗೂ ಗೋಡೆಗೂ ನಡುವೆ ನುಸುಳಿ, ಬಲಕ್ಕೆ ತಿರುಗಲು ಜಾಗವಿಲ್ಲದೆ ಎಡಕಿವಿಯಲ್ಲಿ ಕೇಳಿದೆ. ಮೇಲಿನದೇ ಜೋರು. ಸಂಶಯವೇ ಇಲ್ಲ. ಮೇಲುಗಡೆ ಗುರುತು ಹಾಕಿದೆ.

ಮಾವ ಎದೆಮಟ್ಟ ಅಗೆದ. ಒಣ ಮಣ್ಣು. ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ ಮೇಲಕ್ಕೆ ನನ್ನ ಮುಖ ನೋಡಿದ. "ಇನ್ನೊಂದು ಮಾರು ಆಚೆ ನೋಡೋಣ್ವೇನಮ್ಮ?" ಅಲ್ಲೂ ಒಣಗಿತ್ತು. ಎರಡು ಗುಂಡಿ. ಇಪ್ಪತ್ತಾರು ವರ್ಷದಲ್ಲಿ ನನಗೆ ಒಣ ಗುಂಡಿ ಬಿದ್ದದ್ದು ಮೂರು ಸಲ, ಇವತ್ತು ಒಂದೇ ಬೆಳಿಗ್ಗೆ ಎರಡು. ಪೈಪು ನಕ್ಷೆಯಲ್ಲಿ ತೋರಿಸಿದ ಕಡೆ ಇಲ್ಲವೇನೋ. ನಕ್ಷೆ ಬರೆದವರನ್ನು ಹಿಡಿದು ಕೇಳಬೇಕು.

ಮಾರ್ಚ್ ೧೩, ಗುರುವಾರ

ಸರ್ವಭಕ್ಷಕನೂ ಹಾಗೆಯೇ. ಎಡ ಸೊರಗು. ಗುಂಯ್.

ಮಾರ್ಚ್ ೧೫, ಶನಿವಾರ

ಸ್ಪೀಕರುಗಳನ್ನೇ ಅದಲುಬದಲು ಮಾಡಿದೆ. ಇವರು ಒಂದು ಕಡೆ, ನಾನು ಒಂದು ಕಡೆ ಹಿಡಿದು. "ನನ್ನ ಸೊಂಟಾನೂ ಅದಲುಬದಲು ಮಾಡಿಬಿಡು," ಅಂದರು. ಸೊರಗು ಎಡಕ್ಕೇ ಇತ್ತು. ಹಾಗಾದರೆ ಕೋಣೆ. ಪುಸ್ತಕದ ಬೀರು ಈ ಗೋಡೆಯಿಂದ ಆ ಗೋಡೆಗೆ ಹೋಯಿತು, ಪರದೆ ಕಿತ್ತೆ, ಜಮಖಾನ ಹಾಸಿದೆ. ಎಡಕ್ಕೇ.

ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತಿನಿಂದ ನೋಡುತ್ತಿದ್ದರಂತೆ. ಬಂದು ನನ್ನ ಗಲ್ಲ ಹಿಡಿದು ಮುಖ ತಮ್ಮ ಕಡೆ ತಿರುಗಿಸಿಕೊಂಡರು.

"ಯಾವಾಗಿನಿಂದ ಕಣೇ?"

"ಏನು ಯಾವಾಗಿನಿಂದ?"

"ನಾನು ಈ ಕಡೆಯಿಂದ ಕರೆದ್ರೆ ನೀನು ತಿರುಗಲ್ಲ. ಮೂರು ದಿನದಿಂದ ಕರೆದು ಕರೆದು ನೋಡ್ದೆ. ಊಟಕ್ಕೆ ಕೂತಾಗ ಕುರ್ಚಿ ಯಾಕೆ ಆ ಮೂಲೆಗೆ ಎಳ್ಕೊಂಡೆ? ಹೂಂ ಹೂಂ ಅಂತ ಯಾಕೆ ಸುಮ್ಮನೆ ನಗ್ತಿದೀಯ? ಇವೆಲ್ಲ ನಾನು ಮಾಡಿ ಬಿಟ್ಟ ಆಟ ಕಣೇ. ನನ್ನ ಹತ್ರಾನೇ ಆಡ್ತೀಯಾ?"

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಟಿ.ವಿ. ಬೀದಿಗೆಲ್ಲ ಕೇಳುವ ಹಾಗೆ ಹಾಕುವವರು ನನ್ನ ಕಿವಿಯ ಬಗ್ಗೆ ಮಾತಾಡುವುದೇ! ನೆಗಡಿ ಅಂದೆ. ಜೋರಾಗಿಯೇ ಅಂದೆ. ಅತ್ತೆ ಕಿವಿಯಿಂದ ಯಂತ್ರ ತೆಗೆದು ಸೆರಗಿನಲ್ಲಿ ಒರೆಸುತ್ತ ಒಳಗೆ ಹೋದರು. ಅದು ಅವರು ಮಾತು ಮುಗಿಸುವ ರೀತಿ.

ಮಾರ್ಚ್ ೧೭, ಸೋಮವಾರ

ಕಚೇರಿಯಲ್ಲಿ ಸಾಹೇಬರು ಮಾವನನ್ನು ಒಳಗೆ ಕರೆಸಿದರು. ನಾನು ಹೊರಗಿನ ಬೆಂಚಿನಲ್ಲಿ ಬಲಗಡೆ ಬಾಗಿಲಿಗೆ ಬರುವ ಹಾಗೆ ಕೂತಿದ್ದೆ, ಎಲ್ಲ ಕೇಳಿಸಿತು.

"ಅವರ ಕಿವಿ ತಪ್ಪಲ್ಲ ಕಣಯ್ಯ. ನೀನೇ ಗುರುತು ಬಿಟ್ಟು ಅಗೆದಿದೀಯ. ಎರಡು ಗುಂಡಿ! ಛಾಪಖಾನೆಯವರು ನೀರಿಲ್ಲ ಅಂತ ದಿನಾ ಫೋನ್ ಮಾಡ್ತಿದಾರೆ, ರಸ್ತೆಯವರು ಬಾಯಿಗೆ ಬಂದ ಹಾಗೆ ಬಯ್ತಿದಾರೆ. ಕುಡಿದಿದ್ಯಾ?"

ಮಾವ ಕೈಯಲ್ಲಿ ನೋಟೀಸು ಹಿಡಿದು ಹೊರಬಂದ. ಮೂರು ದಿನದೊಳಗೆ ಉತ್ತರ ಕೊಡಬೇಕಂತೆ, ಇಲ್ಲದಿದ್ದರೆ ಸೇವಾ ಪುಸ್ತಕಕ್ಕೆ ಬರೆಯುತ್ತಾರಂತೆ. "ಗುರುತಿನ ಮೇಲೇ ಅಗೆದೆ ಅಂತ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದೆ.

"ಹೇಳಿದ್ರೆ ನಿಮ್ ಮೇಲೆ ಬರುತ್ತಲ್ಲಮ್ಮ. ಹೋಗ್ಲಿ ಬಿಡಿ, ನಂದು ಇನ್ನೊಂದು ವರ್ಷ."

ಅವನ ಜೊತೆ ಗೇಟಿನವರೆಗೆ ನಡೆದು ನಕ್ಷೆ ಸರಿಯಿಲ್ಲ ಅಂದೆ. ಅವನು ಹೌದಿರಬಹುದು ಅಂದ.

ಮಾರ್ಚ್ ೧೮, ಮಂಗಳವಾರ

ಪ್ಲೇಯರ್ ಬದಲಿಸಿ ಆಯಿತು. ತಂತಿ, ಸ್ಪೀಕರ್, ಬೀರು, ಪರದೆ ಆಯಿತು. ಬದಲಿಸದೆ ಉಳಿದದ್ದು ಒಂದೇ.

ಕುರ್ಚಿಯನ್ನು ಹಿಂದುಮುಂದು ಮಾಡಿ, ಸ್ಪೀಕರಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂತೆ.

ಬಲಕಿವಿಯ ಕಡೆಗೆ ಬಂದ ಪಿಟೀಲು ಗಟ್ಟಿಯಾಗಿ ಕೇಳಿತು. ಚೆಲ್ಲೊ ಸೊರಗಿತು.

ಮಾರ್ಚ್ ೧೯, ಬುಧವಾರ

ಕಿವಿ ಡಾಕ್ಟರು ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಅಂದರು. ಬಲಕಿವಿಗೆ ಪಟಪಟ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಪರೀಕ್ಷೆ ನಿಲ್ಲಿಸಿದರೇನೋ ಅಂದುಕೊಂಡು ತಿರುಗಿದೆ. ಗಾಜಿನಾಚೆ ಅವರ ಕೈ ಯಂತ್ರದ ಮೇಲೇ ಇತ್ತು, ಸದ್ದು ಹಾಕುತ್ತಲೇ ಇದ್ದರು.

ನೆಗಡಿಯಲ್ಲ, ನರ. ಕೆಲವರಿಗೆ ಕಾರಣವೇ ತಿಳಿಯದೆ ಒಂದು ಬೆಳಿಗ್ಗೆ ಹೀಗಾಗುತ್ತದಂತೆ. ಗುಂಯ್ ಸದ್ದೂ ಅದರದೇ, ಟ್ರಾನ್ಸ್‌ಫಾರ್ಮರಿನದಲ್ಲ. "ಯಾವತ್ತು ಶುರುವಾಯ್ತು?" ಅಂದರು. ಏಳನೇ ತಾರೀಕು ಅಂದೆ. ಮನಸ್ಸಿನಲ್ಲೇ ಎಣಿಸಿದರು, ಅದು ಅವರ ಮುಖದಲ್ಲಿ ಕಂಡಿತು. "ಮೊದಲ ಎರಡು ಮೂರು ದಿನದಲ್ಲಿ ಬಂದಿದ್ರೆ ಚೆನ್ನಾಗಿತ್ತು. ಮಾತ್ರೆ ಕೊಡ್ತೀನಿ, ನೋಡೋಣ. ಆಸೆ ಬಿಡಬೇಡಿ, ಜಾಸ್ತಿ ಇಟ್ಕೊಳ್ಳಲೂಬೇಡಿ."

ಆ ಎರಡು ಮೂರು ದಿನ ನಾನು ತಂತಿ ಕಿತ್ತು ಸಿಕ್ಕಿಸುತ್ತಿದ್ದೆ. ದಪ್ಪಣ್ಣ ನಿರಪರಾಧಿ ಎಂದು ಎಂಟನೇ ತಾರೀಕು ನನ್ನ ಕೈಯಲ್ಲೇ ಬರೆದಿದ್ದೇನೆ. ಬರೆದವಳು ಓದಿಕೊಳ್ಳಲಿಲ್ಲ. ನನಗೆ ಭಯವಾಗುತ್ತಿದೆ. ಬಲಕಿವಿಗೂ ಹೀಗಾದರೆ? ಯಾರಿಗೆ ಹೇಳಲಿ?

ಮಾರ್ಚ್ ೨೦, ಗುರುವಾರ

ಮಾವನ ನೋಟೀಸಿಗೆ ಇವತ್ತು ಕೊನೆಯ ದಿನ. ಸಾಹೇಬರ ಕೋಣೆಗೆ ಹೋಗಿ ಕೂರಿ ಅನ್ನುವ ಮೊದಲೇ ಕೂತೆ. ಲಾರಿ, ಗೋಡೆ, ಎಡಕಿವಿ, ಡಾಕ್ಟರ ಚೀಟಿ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಚೀಟಿ ಎರಡು ಸಲ ಓದಿದರು.

"ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಮಾವನಿಗೆ ಗೊತ್ತಿತ್ತು ಸಾರ್."

ನೋಟೀಸು ಹರಿದರು. ನನ್ನ ಕೋಲನ್ನು ಕಿತ್ತುಕೊಳ್ಳುತ್ತಾರೆ, ನನ್ನನ್ನು ಮೀಟರುಗಳ ಉಗ್ರಾಣದ ಕೆಲಸಕ್ಕೆ ಹಾಕುತ್ತಾರೆ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಇನ್ನು ಮುಂದೆ ಪ್ರತಿ ಗುರುತಿಗೂ ಇಬ್ಬರು ಕೇಳಿ, ಇಬ್ಬರೂ ಸಹಿ ಹಾಕಬೇಕು, ಅಷ್ಟೇ. ಎರಡನೆಯವರು ಯಾರು ಅಂದೆ. "ಯಾರಾದ್ರೂ ಸರಿ, ನಿಮಗೆ ನಂಬಿಕೆ ಇರೋರು," ಅಂದರು.

ಮನೆಯಲ್ಲಿ ಇವರಿಗೂ ಹೇಳಿದೆ. ಇವರು ನನ್ನ ಬಲಕ್ಕೆ ಬಂದು ಕೂತರು. ಅತ್ತೆ ಗೆದ್ದೆ ಅನ್ನಲಿಲ್ಲ, ಮಾತ್ರೆ ನುಂಗಲು ನೀರು ತಂದುಕೊಟ್ಟರು.

ಮಾರ್ಚ್ ೨೪, ಸೋಮವಾರ

ಮಾವ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಆ ಕೋಲಿಗೆ ಕಿವಿಯಿಟ್ಟಿರಲಿಲ್ಲವಂತೆ. "ಯಾರೂ ಕೊಡ್ಲಿಲ್ವಲ್ಲಮ್ಮ." ನಾನೇ ಕೊಡಬೇಕಾಗಿತ್ತು, ಇನ್ಯಾರು ಕೊಡುತ್ತಾರೆ. ನಾಚಿಕೆಯಾಯಿತು.

ಮತ್ತೆ ಛಾಪಖಾನೆ ಬೀದಿ. ಲಾರಿ ಇರಲಿಲ್ಲ. ನಾನು ಎರಡೂ ವಾಲ್ವುಗಳನ್ನು ಬಲಕಿವಿಯಲ್ಲಿ ಕೇಳಿದೆ. ಕೆಳಗಿನದು ಜೋರು ಅನ್ನಿಸಿತು, ಆದರೆ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಅನ್ನಿಸುವುದಕ್ಕೂ ಕೇಳುವುದಕ್ಕೂ ನಡುವಿನ ಗೆರೆ ನನಗೆ ಈಗ ಕಾಣುವುದಿಲ್ಲ. ಕೋಲು ಮಾವನ ಕೈಗೆ ಕೊಟ್ಟೆ. ಅವನು ಟೋಪಿ ತೆಗೆದು, ಮಂಡಿಯೂರಿ, ಕಣ್ಣು ಮುಚ್ಚಿಕೊಂಡ.

"ಅಯ್ಯೋ, ಯಾರೋ ಹಲ್ಲಿನ ಸಂದೀಲಿ ಉಸಿರು ಬಿಟ್ಟಂಗಿದೆ!"

"ಅದೇ. ಈಗ ಇನ್ನೊಂದು ಕೇಳು."

ಕೇಳಿ ಬಂದು ಕೆಳಗಿನದನ್ನು ತೋರಿಸಿದ. ನನ್ನ ಮುಖ ನೋಡಿ ತೋರಿಸಲಿಲ್ಲ, ನೆಲ ನೋಡಿ ತೋರಿಸಿದ. ಎದೆಮಟ್ಟಕ್ಕೆ ಮೊದಲೇ ಮಣ್ಣು ಕಪ್ಪಾಯಿತು, ಆಮೇಲೆ ನೀರು ಚಿಮ್ಮಿ ಅವನ ಮೀಸೆಯೆಲ್ಲ ಕೆಸರಾಯಿತು. ಕೈಯನ್ನು ಅಂಗಿಗೆ ಒರೆಸಿಕೊಂಡು ನನ್ನ ಸಹಿಯ ಕೆಳಗೆ ತನ್ನದನ್ನೂ ಹಾಕಿದ.

ಮಾರ್ಚ್ ೨೮, ಶುಕ್ರವಾರ

ಮತ್ತೆ ಪರೀಕ್ಷೆ. ಎಡಕ್ಕೆ ದಪ್ಪ ಸ್ವರಗಳು ತುಸು ಮರಳಿವೆ. ತೆಳು ಸ್ವರಗಳು ಇಲ್ಲ. ಇನ್ನು ಬರುವುದು ಕಷ್ಟ ಅಂದರು. ಬಲಕಿವಿ ನೆಟ್ಟಗಿದೆ, ಅದನ್ನು ಜೋಪಾನ ಮಾಡಿ ಅಂದರು. ಬಸ್ಸಿನಲ್ಲಿ ಬರುವಾಗ ಅತ್ತೆ, ಕಿಟಕಿಯಾಚೆ ನೋಡುತ್ತ, ನನ್ನ ಕೈ ಹಿಡಿದುಕೊಂಡೇ ಇದ್ದರು.

ಅಂಗಡಿಯಾತ ಎರಡು ಸಲ ಫೋನ್ ಮಾಡಿದ್ದಾನೆ. ತೆಗೆಯಲಿಲ್ಲ.

ಮಾರ್ಚ್ ೩೦, ಭಾನುವಾರ

ಎರಡೂ ಬೇಡ, ಸರ್ವಭಕ್ಷಕನನ್ನೂ ವಾಪಸು ಕೊಟ್ಟುಬಿಡೋಣ ಅಂದೆ. ಎಡವಿಲ್ಲದವಳಿಗೆ ಸ್ಟೀರಿಯೊ ಯಾಕೆ. ಇವರು ಕೇಳಿಸಿಕೊಳ್ಳದವರ ಹಾಗೆ ಹೊರಟುಹೋದರು. ಅರ್ಧ ಗಂಟೆಗೆ ಅಂಗಡಿಯಿಂದ ದಪ್ಪಣ್ಣನನ್ನು ಹೊತ್ತುಕೊಂಡು ಬಂದು ಸರ್ವಭಕ್ಷಕನ ಪಕ್ಕ ಕೂರಿಸಿದರು, ಜೊತೆಗೆ ಏದುಸಿರಿನ ಅಂಗಡಿಯಾತನೂ ಇದ್ದ. ಅವನು ತಂತಿ ಜೋಡಿಸಿಕೊಟ್ಟು ಹೋದ. ಆಮೇಲೆ ಇವರು ನನ್ನ ಕುರ್ಚಿಯಲ್ಲಿ ತಾವೇ ಕೂತರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೂತವರಲ್ಲ.

"ಏನು ಕೇಳಬೇಕು ಹೇಳು."

"ನಾಲ್ಕು ಜನ ನುಡಿಸ್ತಾರೆ. ಯಾರು ಎಲ್ಲಿ ಕೂತಿದಾರೆ ಅಂತ ಬೆರಳು ಮಾಡಿ ತೋರಿಸಿ. ಕಣ್ಣು ಮುಚ್ಚಿ."

ಸರ್ವಭಕ್ಷಕನನ್ನು ಮೊದಲು ಹಾಕಿದೆ. ಇವರ ಬೆರಳು ಗಾಳಿಯಲ್ಲಿ ಅಲೆಯಿತು. "ಆ ಕಡೆ ಎಲ್ಲೋ... ಇವರಿಬ್ಬರು ಅಂಟಿಕೊಂಡು ಕೂತಿದಾರೆ." ಆಮೇಲೆ ದಪ್ಪಣ್ಣ. ಯಾವುದು ಯಾವುದೆಂದು ಹೇಳಲಿಲ್ಲ. ಸ್ವಲ್ಪ ಹೊತ್ತು ಇವರ ಕೈ ತೊಡೆಯ ಮೇಲೇ ಇತ್ತು, ನಿದ್ದೆ ಹೋದರೇನೋ ಅಂದುಕೊಂಡೆ. ಆಮೇಲೆ ಹುಬ್ಬು ಗಂಟಾಯಿತು, ಕೈ ಎದ್ದಿತು. ಬಲಕ್ಕೆ ಚೆಲ್ಲೊ. ಅದರ ಒಳಗಡೆಗೆ ಒಬ್ಬರು, ನಡುವಿಗೆ ಸರಿದು ಇನ್ನೊಬ್ಬರು. ಒಂದೊಂದು ಕಡೆಯೂ ಬೆರಳು ನಿಲ್ಲಿಸಿ ನನ್ನನ್ನು ಕಾದರು.

"ಮತ್ತೆ ಇಲ್ಲಿ," ಅಂದರು. ಬೆರಳು ಎಡ ಸ್ಪೀಕರಿನಿಂದ ಒಂದು ಗೇಣು ಒಳಗೆ, ನೆಲದಿಂದ ಕೂತವರ ಎದೆಯೆತ್ತರಕ್ಕೆ ಬಂದು ಅಲುಗದೆ ನಿಂತಿತು. "ಇವಳು ನುಡಿಸೋ ಮುಂಚೆ ಉಸಿರು ಎಳ್ಕೋತಾಳೆ ಕಣೇ! ನಿಂಗೆ ಗೊತ್ತಿತ್ತಾ?"

ನಾನು ಅಳುತ್ತಿದ್ದೆ. ನನಗೆ ಅಲ್ಲಿ ಕೇಳಿದ್ದು ಗೋಡೆಯಾಚೆಯ ಗುನುಗು ಮಾತ್ರ. ಆದರೆ ಬೆರಳು ತೋರಿಸಿದ ಜಾಗವನ್ನೇ ನೋಡುತ್ತ ಬಲಕಿವಿ ಕೊಟ್ಟು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಡಿಸ್ಕ್ ಮುಗಿಯುವವರೆಗೂ ಇವರು ಕೈ ಇಳಿಸಲಿಲ್ಲ. ಅವಳು ಅಲ್ಲಿದ್ದಳು.

ಅಂಗಡಿಯಾತನಿಗೆ ಫೋನ್ ಮಾಡಿ, ಸರ್ವಭಕ್ಷಕನನ್ನು ಕಾಯುತ್ತಿರುವವರಿಗೆ ಕೊಡಿ ಅಂದೆ.